ಇಲಿ ಶಾಲೆಯ ಗಂಟು

ಹೊಲಿಗೆ ಅಂಗಡಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಹದಿನೆಂಟು ವರ್ಷದಿಂದ ಅವಳು ಕಾಲರಕ್ಕ. ಆ ಅಂಗಡಿ ಹೊಲಿಯುವುದು ಬರೀ ಶಾಲೆಯ ಸಮವಸ್ತ್ರ. ಒಬ್ಬರು ತೋಳು, ಒಬ್ಬರು ಜೇಬು, ಒಬ್ಬರು ಗುಂಡಿಪಟ್ಟಿ. ಇಡೀ ಅಂಗಿಯೊಂದನ್ನು ತಾನೇ ಹೊಲಿದೆ ಎಂದು ಹೇಳಿಕೊಳ್ಳುವ ಭಾಗ್ಯ ಅಲ್ಲಿ ಯಾರಿಗೂ ಇಲ್ಲ. ಇವಳ ಪಾಲಿಗೆ ಬಂದದ್ದು ಕುತ್ತಿಗೆ. ಎರಡು ಪದರ ಬಟ್ಟೆಯ ನಡುವೆ ಬಕ್ರಂ ಎಂಬ ಗಡಸು ಬಟ್ಟೆ ಇಟ್ಟು, ಸುತ್ತ ಹೊಲಿದು, ಮಗುಚಿ, ಸೂಜಿಯಲ್ಲಿ ಮೂಲೆ ಎಬ್ಬಿಸಿ, ಮೇಲೆ ಇನ್ನೊಂದು ಹೊಲಿಗೆ ಓಡಿಸಿದರೆ ಕಾಲರ್ ಹಲಗೆಯ ಹಾಗೆ ನಿಲ್ಲುತ್ತದೆ. "ಇವಳ ಕಾಲರ್ ಹಾಕಿದ ಮಗು ತಲೆ ತಗ್ಗಿಸ್ತೀನಿ ಅಂದ್ರೂ ಆಗಲ್ಲ," ಎಂದು ಅಂಗಡಿಯ ಯಜಮಾನ, ಅಂದರೆ ಕಟಿಂಗ್ ಮಾಸ್ಟರ್, ಗಿರಾಕಿಗಳ ಮುಂದೆ ಹೊಗಳುತ್ತಾನೆ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿಗೆ ಕಾಲರ್ ಕಂಡರಾಗುವುದಿಲ್ಲ. ಕುತ್ತಿಗೆಗೆ ತಾಗಿದ ಕ್ಷಣ ಕಿರುಚುತ್ತಾಳೆ. ದಿಟ ಹೇಳಿದರೆ ಅವಳಿಗೆ ಆಗದ್ದರ ಪಟ್ಟಿ ಉದ್ದವಿದೆ. ಗಂಟೆಯ ಸದ್ದು ಆಗುವುದಿಲ್ಲ, ಸಾಲಿನಲ್ಲಿ ನಿಂತಾಗ ಹಿಂದಿನವರ ಉಸಿರು ತಾಗಿದರೆ ಆಗುವುದಿಲ್ಲ, ಮಾತಾಡುವವರ ಮುಖ ನೋಡು ಎಂದರೆ ಆಗುವುದಿಲ್ಲ. ಆಗುವುದು ಒಂದೇ: ಪೈಪು. ಅಪ್ಪನಿಗೆ ಬೀದಿಬೀದಿಗೆ ನೀರು ಬಿಡುವ ಕೆಲಸ. ನಾಲ್ಕನೇ ವಯಸ್ಸಿನಿಂದ ಅವನ ಬೆನ್ನ ಹಿಂದೆ ವಾಲ್ವುಗಳನ್ನು ನೋಡುತ್ತ ಅಲೆದು, ಈಗ ಹನ್ನೊಂದಕ್ಕೆ ಯಾವ ಕಟ್ಟಡದೊಳಗೆ ಹೋದರೂ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿ ಮುಗಿಸುವ ತನಕ ಕೂರುವುದಿಲ್ಲ. ಅಜ್ಜಿ, ಅಂದರೆ ಕಾಲರಕ್ಕನ ಅತ್ತೆ, ಅವಳಿಗೆ ಇಟ್ಟ ಹೆಸರು ಮೇಸ್ತ್ರಿ. ಬೈಗುಳವಾಗಿ ಇಟ್ಟದ್ದು, ಹೆಸರಾಗಿ ಉಳಿಯಿತು. ಡಾಕ್ಟರು ಚೀಟಿಯಲ್ಲಿ ಆಟಿಸಂ ಎಂದು ಬರೆದರು. ಅದು ಕಾಯಿಲೆಯಲ್ಲ, ಔಷಧಿಯಿಲ್ಲ, ಸರಿಯಾದ ಶಾಲೆ ಹುಡುಕಿ ಎಂದರು. ಸರಿಯಾದ ಶಾಲೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಮಾತ್ರ ಬರೆಯಲಿಲ್ಲ.

ಅವಳು ಹೋಗುತ್ತಿದ್ದದ್ದು ಮನೆ ಹತ್ತಿರದ ನೀಲಿ ಶಾಲೆಗೆ. ಹೊಲಿಗೆ ಅಂಗಡಿಯವರು ಶಾಲೆಗಳನ್ನು ಬಣ್ಣದಿಂದಲೇ ಕರೆಯುವುದು. ನೀಲಿ, ಬೂದಿ, ಮೆರೂನು, ಹಸಿರು ಚೌಕುಳಿ. ನೀಲಿ ಶಾಲೆಯವರು ಐದು ವರ್ಷ ಹೇಗೋ ತಳ್ಳಿದರು. ಐದನೇ ಕ್ಲಾಸಿನ ಕೊನೆಗೆ ಒಂದು ಕಾಗದ ಕೊಟ್ಟರು. "ನಿಮ್ಮ ಮಗಳ ಒಳ್ಳೆಯದಕ್ಕಾಗಿ ಮುಂದಿನ ವರ್ಷಕ್ಕೆ ಬೇರೆ ಶಾಲೆ ನೋಡಿಕೊಳ್ಳುವುದು." ಮನುಷ್ಯರನ್ನು ಹೊರಗೆ ಹಾಕುವ ಕಾಗದಗಳೆಲ್ಲ ಹೀಗೆ ಅವರ ಒಳ್ಳೆಯದರಿಂದಲೇ ಶುರುವಾಗುತ್ತವೆ. ರಜೆ ಮುಗಿಯುವುದರೊಳಗೆ ಸೀಟು ಸಿಗದಿದ್ದರೆ ಹುಡುಗಿ ಮನೆಯಲ್ಲಿ. ಮನೆಯಲ್ಲಿ ಅಂದರೆ ಅಜ್ಜಿಯ ಜೊತೆ, ಒಂದು ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಯಾಕೆಂದರೆ ಬಾಗಿಲು ತೆರೆದಿದ್ದರೆ ಅವಳು ಪೈಪಿನ ಜಾಡು ಹಿಡಿದು ನಡೆಯುತ್ತಾಳೆ. ಒಮ್ಮೆ ಹಾಗೆ ನಡೆದು ನಾಲ್ಕು ಬೀದಿ ಆಚೆಯ ಚರಂಡಿ ಬಾಯಿಯಲ್ಲಿ ಸಿಕ್ಕಿದ್ದಳು.

ರಜೆಯಲ್ಲಿ ಕಾಲರಕ್ಕ ಮಧ್ಯಾಹ್ನದ ಊಟದ ಹೊತ್ತನ್ನು ಶಾಲೆ ಅಲೆಯಲು ಇಟ್ಟಳು. ಮಾಮೂಲು ಶಾಲೆಯವರು, "ಓದ್ತಾಳೆ ಸರಿ, ಆದ್ರೆ ಕೂರಲ್ಲವಲ್ಲ," ಎಂದರು. ವಿಶೇಷ ಮಕ್ಕಳ ಶಾಲೆಯವರು, "ಕೂರಲ್ಲ ಸರಿ, ಆದ್ರೆ ಓದ್ತಾಳಲ್ಲ, ಇಲ್ಲಿ ಯಾಕೆ?" ಎಂದರು. ಇನ್ನೊಂದು ಕಡೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡೋಣ, ಫೋನ್ ಮಾಡ್ತೀವಿ," ಎಂದರು. ಫೋನು ಇವತ್ತಿಗೂ ಬಂದಿಲ್ಲ. ಬೂದಿ ಶಾಲೆಯಲ್ಲಿ ಮಾತ್ರ ಹೆಡ್‌ಮೇಡಂ ಹುಡುಗಿಯನ್ನೇ ಮಾತಾಡಿಸಿದರು.

"ನಿನಗೇನು ಇಷ್ಟ, ಪುಟ್ಟಾ?"

"ನಿಮ್ಮ ಟ್ಯಾಂಕ್ ತುಂಬಿ ಹರೀತಿದೆ," ಎಂದಳು ಮೇಸ್ತ್ರಿ, ಕಿಟಕಿ ಕಡೆ ತಿರುಗಿ. "ಹನ್ನೆರಡು ನಿಮಿಷ ಆಯ್ತು."

"ಅದಿರಲಿ ಮಗು, ನಾನು ಕೇಳಿದ್ದು..."

"ಹದಿಮೂರು."

ಕಾಲರಕ್ಕನಿಗೆ ನಗು ಬಂತು. ನಕ್ಕೂಬಿಟ್ಟಳು. ಹೆಡ್‌ಮೇಡಂಗೆ ಬರಲಿಲ್ಲ. ಹೊರಗೆ ಬಂದಾಗ ನೀರು ಮೆಟ್ಟಿಲ ತನಕ ಹರಿದಿತ್ತು. ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರು.

ಮನೆಯಲ್ಲಿ ಅತ್ತೆಯದು ಒಂದೇ ಪಲ್ಲವಿ. "ಇವನೂ ಹಾಗೇ ಇದ್ದ ಕಣೇ, ನಿನ್ನ ಗಂಡ. ಮಾತಿಲ್ಲ ಕತೆಯಿಲ್ಲ, ಕರೆದ್ರೆ ತಿರುಗ್ತಿರಲಿಲ್ಲ. ನಾಲ್ಕು ಬಾರಿಸಿದೆ, ಸರಿಹೋದ."

ಮೂಲೆಯಲ್ಲಿ ಕೂತು ಟೀ ಆರಿಸಿಕೊಳ್ಳುತ್ತಿದ್ದ ಗಂಡ ತಲೆಯೆತ್ತದೆ ಹೇಳಿದ, "ಸರಿಹೋಗಲಿಲ್ಲಮ್ಮ. ಸುಮ್ಮನಾದೆ."

ಕಾಲರಕ್ಕನಿಗೆ ಆ ಮಾತಿನ ತೂಕ ಆಗ ತಿಳಿಯಲಿಲ್ಲ. ಅವಳ ತಲೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು, ಅದೂ ದರ್ಜಿಯ ಲೆಕ್ಕ.

ಆ ಲೆಕ್ಕ ಏನೆಂದರೆ, ಅಂಗಡಿಗೆ ಮೂರು ತಿಂಗಳಿಗೊಮ್ಮೆ ಪ್ರತಿ ಶಾಲೆಯಿಂದ ಒಂದು ಗಂಟು ಬರುತ್ತದೆ. ಹರಿದದ್ದು, ಗುಂಡಿ ಹಾರಿದ್ದು, ಹೊಲಿಗೆ ಬಿಟ್ಟದ್ದು. ಅಂಗಿಯ ಒಳಗೆ ಮಗುವಿನ ನಂಬರು ಶಾಯಿಯಲ್ಲಿ ಇರುತ್ತದೆ. ಹೊಸ ಹೊಲಿಗೆ ಕಡಿಮೆ ಇರುವ ದಿನ ಕಾಲರಕ್ಕ ಈ ರಿಪೇರಿಗೆ ಕೂರುತ್ತಾಳೆ. ಹದಿನೆಂಟು ವರ್ಷ ರಿಪೇರಿ ಮಾಡಿದವಳಿಗೆ ಅಂಗಿ ನೋಡಿದರೆ ಶಾಲೆ ಕಾಣುತ್ತದೆ. ಕಾಲರ್ ಬಲಗಡೆ ಮಾತ್ರ ಕಿತ್ತಿದ್ದರೆ ಎದುರಿಗೆ ನಿಂತವರು ಎಡಗೈಯಲ್ಲಿ ಹಿಡಿದೆಳೆದಿದ್ದಾರೆ. ಬಲಗೈ ಬೇರೆ ಕೆಲಸದಲ್ಲಿತ್ತು. ಜೇಬಿನ ಬಾಯಿ ಹರಿದಿದ್ದರೆ ಮಕ್ಕಳ ಜಗಳ. ಮೊಣಕಾಲು ಸವೆದಿದ್ದರೆ ಒಂದೋ ಆಟ, ಇಲ್ಲವೋ ಶಿಕ್ಷೆ. ಎರಡಕ್ಕೂ ಸವೆತ ಬೇರೆಬೇರೆ. ತೋಳಿನ ತುದಿ ಜಗಿದು ಚಿಂದಿಯಾಗಿದ್ದರೆ ಒಳಗಿನ ಮಗು ಹೆದರಿದೆ. ಪಕ್ಕದ ಮಿಷಿನ್ನಿನಲ್ಲಿ ಕಾಜಾ ಹಾಕುವ ತಾತ, ಅಂದರೆ ಗುಂಡಿಮನೆ ಹೊಲಿಯುವ ಮುದುಕ, ಅವಳನ್ನು ಛೇಡಿಸುತ್ತಾನೆ, "ಬೇರೆಯವರು ಅಂಗೈ ನೋಡಿ ಭವಿಷ್ಯ ಹೇಳಿದ್ರೆ ಇವಳು ಅಂಗಿಕೈ ನೋಡಿ ಹೇಳ್ತಾಳೆ. ಒಂದು ಬೋರ್ಡ್ ಹಾಕ್ಕೋ ಮಗಳೇ."

ಈ ವಿದ್ಯೆಯಿಂದಲೇ ಅವಳು ಶಾಲೆ ಆರಿಸಿದಳು. ಆ ತಿಂಗಳ ಗಂಟುಗಳನ್ನೆಲ್ಲ ಬಿಚ್ಚಿ ಸಾಲಾಗಿ ಇಟ್ಟಳು. ಎಲ್ಲಕ್ಕಿಂತ ದೊಡ್ಡ ಗಂಟು ಹಸಿರು ಚೌಕುಳಿಯದು. ಊರಿನ ಆಚೆ ತುದಿಯ ಬಡ ಶಾಲೆ ಅದು, ತೋಳೆಲ್ಲ ಕಚ್ಚಿ ಜಗಿದು ಬರುತ್ತವೆ. ಅಂಗಡಿಯಲ್ಲಿ ಅದಕ್ಕೆ ಇಲಿ ಶಾಲೆ ಎಂದೇ ಹೆಸರು. ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ಎಲ್ಲಕ್ಕಿಂತ ಸಣ್ಣ ಗಂಟು ಮೆರೂನು ಶಾಲೆಯದು. ಆರುನೂರು ಮಕ್ಕಳ ಶಾಲೆಯಿಂದ ಹನ್ನೊಂದು ಅಂಗಿ, ಅವೂ ಬರೀ ಗುಂಡಿ. ಒಂದು ಕಾಲರ್ ಕಿತ್ತಿಲ್ಲ, ಒಂದು ತೋಳು ಜಗಿದಿಲ್ಲ. ಹಳೆಯ ಗಂಟುಗಳನ್ನು ನೆನಪು ಮಾಡಿಕೊಂಡಳು, ಯಾವತ್ತೂ ಹೀಗೇ.

"ಅಲ್ಲಿ ಮಕ್ಕಳು ಹೆದರಿಲ್ಲ ತಾತ," ಎಂದಳು. "ಅಂಗಿ ಸುಳ್ಳು ಹೇಳಲ್ಲ."

ಮೆರೂನು ಶಾಲೆ ಮಾಸ್ಟರನ ದೊಡ್ಡ ಗಿರಾಕಿ. ಅವನ ಕೈಕಾಲು ಹಿಡಿದಳು. ಅವನು ಪ್ರಿನ್ಸಿಪಾಲರಿಗೆ ಒಂದು ಮಾತು ಹಾಕಿದ. ಪ್ರಿನ್ಸಿಪಾಲರು ಮೆತ್ತಗೆ ಮಾತಾಡುವ ಮನುಷ್ಯ, ಡಾಕ್ಟರ ಚೀಟಿಯನ್ನು ಎರಡು ಸಲ ಓದಿ, "ಶಿಸ್ತಿದ್ದ ಕಡೆ ಎಲ್ಲ ಮಕ್ಕಳೂ ಅರಳ್ತಾರಮ್ಮ. ನಮ್ಮಲ್ಲಿ ಒಂದು ಶಾಂತ ಕೊಠಡಿಯೂ ಇದೆ," ಎಂದರು. ಸೀಟು ಸಿಕ್ಕಿತು. ಕುತ್ತಿಗೆಯ ಗುಂಡಿ ಹಾಕಲೇಬೇಕು ಎಂಬುದು ಮಾತ್ರ ಕಡ್ಡಾಯ. ಮಗಳ ಕಾಲರನ್ನು ಅವಳೇ ಹೊಲಿದಳು, ಬಕ್ರಂ ಇಟ್ಟೇ ಹೊಲಿದಳು. ಇಡದಿದ್ದರೆ ಬಾಗಿಲಲ್ಲೇ ಕಂಡುಹಿಡಿಯುತ್ತಾರೆ. ತೊಡಿಸಲು ಮೊದಲ ದಿನ ಮುಕ್ಕಾಲು ಗಂಟೆ ಹಿಡಿಯಿತು. ಅಜ್ಜಿ ಕೈ ಹಿಡಿದಳು, ಇವಳು ಗುಂಡಿ ಹಾಕಿದಳು. ಹೀಗೆ ಮಾಡುವಾಗ ಮಗಳ ಮುಖ ನೋಡಬಾರದು ಎಂಬುದನ್ನು ಕಲಿತಳು.

ಮೊದಲ ಮೂರು ದಿನ ಹುಡುಗಿ ಮೆರೂನು ಶಾಲೆಯ ಪೈಪುಗಳ ಪೂರ್ತಿ ವರದಿ ತಂದಳು. ನಾಲ್ಕು ಟ್ಯಾಂಕು, ಇಪ್ಪತ್ತಾರು ನಲ್ಲಿ, ಎರಡು ಕೆಟ್ಟಿವೆ. ಐದನೇ ದಿನ ಬಂದು ಚೀಲ ಇಟ್ಟು, "ಅಲ್ಲಿ ಒಂದೂ ಪೈಪ್ ಇಲ್ಲ," ಎಂದಳು. ಮರುದಿನವೂ ಅದೇ. ಅದರ ಮರುದಿನವೂ.

ಅತ್ತೆ ಮೊಮ್ಮಗಳ ಗಲ್ಲ ಸವರಿದಳು. "ನೋಡಿದ್ಯಾ, ಹುಚ್ಚು ಬಿಡ್ತು! ಇನ್ನು ನಮ್ಮ ಮೇಸ್ತ್ರಿ ಮನುಷ್ಯಳಾದ್ಲು."

ಕಾಲರಕ್ಕನೂ ನಂಬಿದಳು. ನಂಬಬೇಕಾಗಿತ್ತು. ಗಂಡ ಮಾತ್ರ ಮಗಳ ಕಡೆ ನೋಡುತ್ತ, "ಪೈಪೇ ಇಲ್ಲದ ಶಾಲೆ ಇರುತ್ತಾ?" ಎಂದ. ಅವನ ಮಾತಿಗೆ ಆ ಮನೆಯಲ್ಲಿ ಯಾವತ್ತೂ ಸರತಿ ಬಂದದ್ದಿಲ್ಲ, ಅವತ್ತೂ ಬರಲಿಲ್ಲ. ಹುಡುಗಿ ಊಟ ಅರ್ಧಕ್ಕೆ ಬಿಡುತ್ತಿದ್ದಳು, ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು, ಮುಂಜಾನೆ ಮಾತ್ರ ತಾನಾಗಿಯೇ ಕುತ್ತಿಗೆ ಮುಂದೆ ಚಾಚಿ ಗುಂಡಿ ಹಾಕಿಸಿಕೊಳ್ಳುತ್ತಿದ್ದಳು. ಈ ಕೊನೆಯದೊಂದನ್ನೇ ಅಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.

ಹನ್ನೊಂದನೇ ದಿನ ಮೆರೂನು ಶಾಲೆಗೆ ತಡವಾಗಿ ಮುಗಿದ ಅರವತ್ತು ಅಂಗಿ ಮುಟ್ಟಿಸಬೇಕಿತ್ತು. "ನಿನ್ನ ಮಗಳನ್ನೂ ನೋಡಿದ ಹಾಗಾಯ್ತು, ಹೋಗಿ ಬಾ," ಎಂದು ಮಾಸ್ಟರ್ ದೊಡ್ಡ ಮನಸ್ಸು ಮಾಡಿ ಗಂಟು ಅವಳ ತಲೆಗೆ ಹೊರಿಸಿದ. ಶಾಲೆಯ ಕಾರಿಡಾರಿನಲ್ಲಿ ಸದ್ದೇ ಇರಲಿಲ್ಲ. ತೆರೆದ ಬಾಗಿಲಿನಿಂದ ಒಂದು ಕ್ಲಾಸು ಕಂಡಿತು: ಐವತ್ತು ಮಕ್ಕಳು, ಐವತ್ತು ನೆಟ್ಟಗಿನ ಕಾಲರು, ಎಲ್ಲರ ಕೈಗಳೂ ತೊಡೆಯ ಕೆಳಗೆ. ಕೈ ತೊಡೆಯ ಕೆಳಗಿದ್ದರೆ ಯಾವ ತೋಳು ತಾನೇ ಬಾಯಿಗೆ ಹೋಗುತ್ತದೆ?

ಬಟ್ಟೆ ಇಡುವ ಸ್ಟೋರು ಮೆಟ್ಟಿಲ ಕೆಳಗೆ. ಆಯಾ ಎದುರು ಬಂದು ಅಡ್ಡ ನಿಂತಳು.

"ಇಲ್ಲೇ ಇಟ್ಟು ಹೋಗಿ ಅಕ್ಕ, ನಾನು ಒಳಗಿಡ್ತೀನಿ."

"ಎಣಿಸಿ ಕೊಡ್ಬೇಕು ಕಣವ್ವ. ತೆಗಿ."

"ಆಮೇಲೆ ಎಣಿಸ್ತಾರೆ ಬಿಡಿ, ಈಗ ಬೇಡ..."

ಹೊರಗಿನಿಂದ ಚಿಲಕ ಹಾಕಿತ್ತು. ಕಾಲರಕ್ಕನೇ ತೆಗೆದಳು. ಕಿಟಕಿಯಿಲ್ಲದ ಕೋಣೆ, ಮೇಲೆ ಒಂದು ಬಲ್ಬು, ಗೋಡೆಯುದ್ದಕ್ಕೂ ಹಲಗೆಗಳಲ್ಲಿ ಮೆರೂನು ಅಂಗಿಗಳು. ಕೆಳಗೆ ಬಿಚ್ಚದ ಒಂದು ಗಂಟಿನ ಮೇಲೆ ಮಗಳು ಕೂತಿದ್ದಳು, ಕೈ ತೊಡೆಯ ಕೆಳಗಿಟ್ಟುಕೊಂಡು, ಕುತ್ತಿಗೆಯ ಗುಂಡಿ ಹಾಕಿಕೊಂಡು. ಅಮ್ಮನನ್ನು ಕಂಡು ಏಳಲಿಲ್ಲ.

"ನೀನು ಹೊಲಿದದ್ದು ಮುನ್ನೂರ ಹನ್ನೆರಡು ಇದೆ ಇಲ್ಲಿ," ಎಂದಳು.

"ಎಷ್ಟು ದಿನದಿಂದ ಮಗಳೇ ಇಲ್ಲಿ?"

"ಏಳು ದಿನ. ಎರಡನೇ ಪಿರಿಯಡ್‌ನಿಂದ ಮನೆ ಬೆಲ್ ತನಕ." ತುಸು ತಡೆದು, ಸಿಟ್ಟಿನಿಂದ, "ದಿನಾ ಹೇಳಿದ್ನಲ್ಲ. ಒಂದೂ ಪೈಪ್ ಇಲ್ಲ ಅಂತ."

ಪ್ರಿನ್ಸಿಪಾಲರು ಮೆತ್ತಗಿನ ಹೆಜ್ಜೆಯಲ್ಲಿ ಬಂದರು. "ಇದೇ ಅಮ್ಮ ನಮ್ಮ ಶಾಂತ ಕೊಠಡಿ. ಒಂದು ಟರ್ಮ್ ಹೀಗೆ ಅಭ್ಯಾಸ ಆದ್ರೆ..." ಅವರ ಮಾತು ಮುಗಿಯಲು ಕಾಲರಕ್ಕ ಬಿಡಲಿಲ್ಲ. ತಲೆಯ ಮೇಲಿನ ಗಂಟನ್ನು ಅವರ ಬೂಟಿನ ಮೇಲೆ ಹಾಕಿದಳು. ಗಂಟು ಬಿಚ್ಚಿತು. ಅರವತ್ತು ಕಾಲರುಗಳು ನೆಲದಲ್ಲಿ ಚೆಲ್ಲಿ, ಅಲ್ಲೂ ನೆಟ್ಟಗೇ ನಿಂತವು. ಮಗಳ ಕುತ್ತಿಗೆ ಗುಂಡಿಗೆ ಕೈ ಹಾಕಿದರೆ ಬಿಚ್ಚಲು ಬರಲಿಲ್ಲ, ಕಿತ್ತೇಬಿಟ್ಟಳು. ಅದು ಅವಳದೇ ಹೊಲಿಗೆ, ಸುಲಭಕ್ಕೆ ಬರಲಿಲ್ಲ.

ಗೇಟಿನ ತನಕ ಆಯಾ ಹಿಂದೆಯೇ ಬಂದಳು. "ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ ಅಕ್ಕ, ನನ್ನ ಹೊಟ್ಟೆಪಾಡು."

"ಇವಳೊಬ್ಬಳೇನಾ?"

"ಪ್ರತಿ ವರ್ಷ ನಾಲ್ಕೈದು ಬರ್ತಾವೆ ಇಂಥವು. ಅಂಗಿ ಕಚ್ಚೋವು, ಕಿರುಚೋವು. ಮೂರು ತಿಂಗಳು ನಿಲ್ಲಲ್ಲ. ತಾಯಿ ತಂದೆ ತಾವೇ ಬಿಡಿಸ್ಕೊಂಡು ಹೋಗ್ತಾರೆ."

ಮೂರು ತಿಂಗಳು ನಿಲ್ಲುವುದಿಲ್ಲ. ಗಂಟು ಬರುವುದು ಮೂರು ತಿಂಗಳಿಗೊಮ್ಮೆ. ಬಸ್ಸಿನಲ್ಲಿ ಮಗಳನ್ನು ಕಿಟಕಿ ಪಕ್ಕ ಕೂರಿಸಿಕೊಂಡು ಹೋಗುವಾಗ ಕಾಲರಕ್ಕನಿಗೆ ತನ್ನ ವಿದ್ಯೆಯ ತೂತು ಕಂಡಿತು. ಜಗಿದ ತೋಳು ರಿಪೇರಿಗೆ ಬರಬೇಕಾದರೆ ಜಗಿದ ಮಗು ಆ ಶಾಲೆಯಲ್ಲಿ ಉಳಿದಿರಬೇಕು. ಅವಳು ಬಂದ ಅಂಗಿಗಳನ್ನು ಓದಿದ್ದಳು. ಬರದೆ ಹೋದ ಅಂಗಿಗಳನ್ನು ಓದಿರಲಿಲ್ಲ.

ಅಂಗಡಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. "ನನ್ನ ಗಿರಾಕಿ ಕಾಲ ಮೇಲೆ ಗಂಟು ಎಸೆದು ಬಂದ್ಯಂತೆ?" ಎಂದು ಮಾಸ್ಟರ್ ಕತ್ತರಿ ಕುಟ್ಟಿದ. "ನಾನು ಫೋನಿನಲ್ಲೇ ಕೈ ಮುಗಿದೆ, ಗೊತ್ತಾ? ಚಳಿಗಾಲದ ಕೋಟಿನ ಆರ್ಡರ್ ಇದೆ ಅವರದ್ದು! ಆರುನೂರು ಕೋಟು!"

"ನನ್ನ ಮಗಳನ್ನ ನಿಮ್ಮ ಅಂಗಿ ಜೊತೆ ಕಪಾಟಿಗೆ ಹಾಕಿದ್ರು ಮಾಸ್ಟ್ರೇ."

ಮಾಸ್ಟರ್ ಕೆಟ್ಟವನಲ್ಲ. ಒಂದು ಕ್ಷಣ ಕತ್ತರಿ ನಿಂತಿತು. ಆಮೇಲೆ ಮತ್ತೆ ಬಟ್ಟೆಗೆ ಬಿತ್ತು. ಆರುನೂರು ಕೋಟು ಅಂದರೆ ಒಳ್ಳೆಯವನಾಗಿರುವುದಕ್ಕೂ ಒಂದು ಮಿತಿ ಇರುತ್ತದೆ.

ಹತ್ತು ದಿನ ಹುಡುಗಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಪೈಪಿನ ಮಾತೇ ಎತ್ತಲಿಲ್ಲ. ಅಪ್ಪ ವಾಲ್ವು ತಿರುಗಿಸುವ ಉದ್ದ ಕಬ್ಬಿಣದ ಕೀಲಿ ತಂದು ಪಕ್ಕದಲ್ಲಿಟ್ಟ, ಅವಳು ಮುಟ್ಟಲಿಲ್ಲ. ಕೈಗಳು ತೊಡೆಯ ಕೆಳಗೇ. ಅತ್ತೆ ಕೂಡ ನಾಲ್ಕು ಬಾರಿಸುವ ಮಾತು ಬಿಟ್ಟಿದ್ದಳು. ಒಂದು ಸಂಜೆ ಸೊಸೆಯ ಹತ್ತಿರ ಬಂದು, "ಇವನೂ ಚಿಕ್ಕವನಿದ್ದಾಗ ಹೀಗೇ ಕೈ ಇಟ್ಕೊಂಡು ಕೂರ್ತಿದ್ದ ಕಣೇ," ಎಂದು ಹೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಇಲಿ ಶಾಲೆಯ ಗಂಟು ಅಂಗಡಿಯ ಮೂಲೆಯಲ್ಲಿ ಇನ್ನೂ ಹಾಗೇ ಬಿದ್ದಿತ್ತು, ಯಾರಿಗೂ ಬೇಡವಾದ ಕೆಲಸ. ಕಾಲರಕ್ಕ ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. ಮೇಲೆಯೇ ಒಂದು ಅಂಗಿ, ನಂಬರು ನಲವತ್ತೆರಡು. ಬಲತೋಳಿನ ತುದಿ ಚಿಂದಿ. ಚಿಂದಿಯ ಕೆಳಗೆ ಹಳೆಯ ರಿಪೇರಿ, ಹಳದಿ ದಾರದಲ್ಲಿ. ಅದರ ಕೆಳಗೆ ಇನ್ನೂ ಹಳೆಯದು, ನೀಲಿ ದಾರದಲ್ಲಿ. ಎರಡೂ ತನ್ನದೇ ಹೊಲಿಗೆ. ರಿಪೇರಿಗೆ ಬಾಬಿನ್ನಿನಲ್ಲಿ ಯಾವ ದಾರ ಇದೆಯೋ ಅದೇ. ಇಲಿ ಶಾಲೆಯ ಅಂಗಿಗೆ ಬಣ್ಣ ಹೊಂದಿಸುವವರು ಯಾರು? ನೀಲಿ ದಾರದ ಉಂಡೆ ಬಂದಿದ್ದು ಎರಡು ವರ್ಷದ ಹಿಂದೆ, ಹಳದಿ ಹೋದ ವರ್ಷ. ಅಂದರೆ ನಲವತ್ತೆರಡು ಅನ್ನುವ ಈ ಮಗು ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಶಾಲೆಯಲ್ಲಿ ಕೂತು ಅದೇ ತೋಳು ಜಗಿಯುತ್ತಿದೆ. ಯಾರೂ ಓಡಿಸಿಲ್ಲ. ಮುಂದಿನದನ್ನು ತೆಗೆದಳು. ಮೂವತ್ತೊಂಬತ್ತು, ಹಳದಿ ದಾರ. ಹದಿನೇಳು, ನೀಲಿ, ಹಳದಿ. ಕಾಲರುಗಳನ್ನು ತಿರುಗಿಸಿ ನೋಡಿದಳು. ಕೊಳೆ, ಮಣ್ಣು, ಬಣ್ಣ. ಕಿತ್ತಿದ್ದು ಒಂದೂ ಇಲ್ಲ.

ಅಂಗಿಗಳನ್ನು ಅವಳು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದದ್ದನ್ನು ಕಂಡು ಕಾಜಾ ತಾತ ಕೇಳಿದ, "ಏನಾಯ್ತೇ?"

"ಶಾಲೆ ಸಿಕ್ತು ತಾತ."

"ಇದಾ? ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತಲ್ಲೇ ಮಗಳೇ."

"ಇಲಿಯಾದ್ರೂ ಬದುಕಿದೆಯಲ್ಲ."

ಎರಡು ಬಸ್ಸು ಬದಲಿಸಿ ಹೋಗಬೇಕು. ಶಾಲೆ ಅಂದರೆ ತಗಡಿನ ಸೂರಿನ ಉದ್ದ ಕಟ್ಟಡ, ಮೂರು ಕೋಣೆ, ಒಂದು ಅಂಗಳ, ಅಂಗಳದ ನಡುವೆ ಸೋರುವ ನಲ್ಲಿ. ದೊಡ್ಡಮೇಡಂ ಎನ್ನುವವರು ಒಂದು ಮುರಿದ ಕುರ್ಚಿಗೆ ತಾವೇ ಮೊಳೆ ಹೊಡೆಯುತ್ತಿದ್ದರು. ಬಾಯಲ್ಲಿ ಎರಡು ಮೊಳೆ ಹಾಗೇ ಇತ್ತು. ಕಾಲರಕ್ಕ ಡಾಕ್ಟರ ಚೀಟಿ ತೆಗೆಯದೆ, ಚೀಲದಿಂದ ನಲವತ್ತೆರಡನೇ ಅಂಗಿ ತೆಗೆದು ತೋಳು ತೋರಿಸಿದಳು.

"ಈ ಮಗು ಇನ್ನೂ ಇದೆಯಾ ಮೇಡಂ?"

ದೊಡ್ಡಮೇಡಂ ಮೊಳೆ ಉಗುಳಿ ನೋಡಿದರು. "ಓ, ಇವಳಾ! ಎಲ್ಲಿಗೆ ಹೋಗ್ತಾಳೆ? ಅಗೋ, ಮೇಜಿನ ಕೆಳಗಿದಾಳೆ. ಲೆಕ್ಕ ಅಲ್ಲೇ ಮಾಡ್ತಾಳೆ. ಯಾಕೆ, ಅಂಗಿ ಪೂರ್ತಿ ಹೋಯ್ತಾ?"

ಕಾಲರಕ್ಕ ಎಲ್ಲ ಹೇಳಿದಳು. ಸ್ಟೋರು, ಚಿಲಕ, ತೊಡೆಯ ಕೆಳಗಿನ ಕೈ. ದೊಡ್ಡಮೇಡಂ ಅಯ್ಯೋ ಪಾಪ ಅನ್ನಲಿಲ್ಲ.

"ನೋಡಮ್ಮ, ಆಸೆ ತೋರಿಸಲ್ಲ. ಇಂಥ ಮಕ್ಕಳಿಗೆ ಕಲಿಸೋ ಓದು ನಾನು ಓದಿಲ್ಲ. ತೊಂಬತ್ತು ಮಕ್ಕಳು, ನಾವು ಮೂರು ಜನ. ನಿಮ್ಮ ಮಗಳ ಹಿಂದೆ ಓಡೋಕೆ ಆಳಿಲ್ಲ. ಮೊದಲ ತಿಂಗಳು ನೀವೇ ಬಂದು ಇಲ್ಲಿ ಕೂರ್ಬೇಕು, ಗಂಟೆ ಹೊಡೆದಾಗಿಂದ ಬಿಡೋ ತನಕ. ಅವಳು ಯಾವಾಗ ಓಡ್ತಾಳೆ, ಯಾಕೆ ಓಡ್ತಾಳೆ, ನನಗೆ ತೋರಿಸ್ಕೊಡಿ. ಇನ್ನೊಂದು. ನಮ್ಮಲ್ಲಿರೋದು ಏಳನೇ ಕ್ಲಾಸ್ ತನಕ ಮಾತ್ರ. ಆಮೇಲೆ ಮತ್ತೆ ನಿಮ್ಮ ಪಾಡು."

"ಆಮೇಲೆ ಎಲ್ಲಿಗೆ ಹೋಗ್ತವೆ ಮೇಡಂ, ಈ ಮಕ್ಕಳು?"

"ಅದು ನನಗೆ ಗೊತ್ತಿದ್ರೆ ನಿಮ್ಮಿಂದ ಮುಚ್ಚಿಡ್ತಿದ್ನಾ?" ಎಂದು ಅವರು ಮತ್ತೆ ಸುತ್ತಿಗೆ ಎತ್ತಿಕೊಂಡರು.

ಒಂದು ತಿಂಗಳು ರಜೆ ಎಂದದ್ದೇ ತಡ, ಮಾಸ್ಟರ್ ಕುಣಿದ. "ಆರುನೂರು ಕೋಟಿನ ಕಾಲರ್ ಯಾರು, ನಿನ್ನ ಅತ್ತೆ ಹೊಲೀತಾರಾ? ನೀನು ಎದ್ದರೆ ಆ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀನಿ. ವಾಪಸ್ ಬಂದು ನನ್ನ ಮಿಷಿನ್ ಅಂತ ಅಳಬೇಡ."

ಅವಳು ಮಿಷಿನ್ನಿನ ಮುಂದೆ ಸ್ವಲ್ಪ ಹೊತ್ತು ಕೂತೇ ಇದ್ದಳು. ಹದಿನೆಂಟು ವರ್ಷದಲ್ಲಿ ಕಾಲು ತುಳಿಯುವ ಪೆಡಲಿನ ಮೇಲೆ ಅವಳ ಪಾದದಷ್ಟೇ ಜಾಗ ಸವೆದಿತ್ತು. ಈ ಅಂಗಡಿಯಲ್ಲಿ ಕೂತರೆ ಮಗಳು ಮನೆಯ ಕೋಣೆಯಲ್ಲಿ. ಮಗಳು ಹೊರಗೆ ಬರಬೇಕಾದರೆ ತಾನು ಇಲ್ಲಿಂದ ಏಳಬೇಕು, ಎದ್ದು ಇನ್ನೊಂದು ಬೆಂಚಿನ ಮೇಲೆ ಕೂರಬೇಕು. ಕೂರುವುದು ಅಂತೂ ತಪ್ಪಿದ್ದಲ್ಲ.

"ಹಾಗಾದ್ರೆ ಕೋಟು ಯಾರಿಗಾದ್ರೂ ಕೊಡಿ," ಎಂದಳು. "ರಿಪೇರಿ ಗಂಟೆಲ್ಲ ನನಗೆ ಕೊಡಿ. ಕೈಹೊಲಿಗೆ ಹಾಕಿ ತರ್ತೀನಿ. ಅದನ್ನಂತೂ ಬೇರೆ ಯಾರೂ ಮುಟ್ಟಲ್ಲ."

"ಕಾಲರಕ್ಕ ಹೋಗಿ ಚಿಂದಿಯಕ್ಕ ಆಗ್ತೀಯಾ?"

"ಆಗ್ತೀನಿ ಬಿಡಿ ಮಾಸ್ಟ್ರೇ. ಮಾತಿಗೆ ಬಕ್ರಂ ಇಡಬೇಡಿ."

ಮಿಷಿನ್ ಬಿಟ್ಟುಕೊಡುವ ಮೊದಲು ಹಸಿರು ಚೌಕುಳಿಯ ಒಂದು ಅಂಗಿ ಹೊಲಿದಳು, ತೋಳು, ಜೇಬು, ಪಟ್ಟಿ ಎಲ್ಲ ತಾನೇ. ಕಾಲರಿಗೆ ಬಕ್ರಂ ಇಡಲಿಲ್ಲ. ಕಾಜಾ ತಾತ ಗುಂಡಿಮನೆ ಹಾಕಿಕೊಟ್ಟು, ಜೋತುಬಿದ್ದ ಆ ಕಾಲರನ್ನು ಬೆರಳಲ್ಲಿ ಎತ್ತಿ ನೋಡಿ, "ಇದೇನು ಕಾಲರೋ, ನಾಯಿ ಕಿವಿಯೋ?" ಎಂದ. ಕುತ್ತಿಗೆಯ ಗುಂಡಿಗೆ ಮಾತ್ರ ಮನೆ ಹಾಕಿರಲಿಲ್ಲ. ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ.

ಮೊದಲ ದಿನ ಎರಡನೇ ಬಸ್ಸಿನಲ್ಲಿ ಮೇಸ್ತ್ರಿ ಕಿರುಚಿದಳು. ಜನ ತಿರುಗಿ ನೋಡಿದರು, ಒಬ್ಬರು ಬುದ್ಧಿ ಹೇಳಿದರು, ಕಂಡಕ್ಟರ್ ಇಳೀರಿ ಎಂದ. ಮೂರು ಸ್ಟಾಪು ನಡೆದು ಮುಟ್ಟುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಾಗಿತ್ತು. ಅದೂ ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು, ಅದರ ಸದ್ದು ತಪ್ಪಿತು. ಹುಡುಗಿ ಕ್ಲಾಸಿನೊಳಗೆ ಹೋಗಲಿಲ್ಲ. ಬಾಗಿಲಲ್ಲಿ ಕೈ ಹಿಂದಕ್ಕೆ ಕಟ್ಟಿ ನಿಂತಳು. ಒಂದು ಗಂಟೆ ಹಾಗೇ ನಿಂತಳು. ಯಾರೂ ಎಳೆಯಲಿಲ್ಲ. ಯಾರೂ ಬಾ ಎಂದೂ ಅನ್ನಲಿಲ್ಲ. ಕಾಲರಕ್ಕ ಜಗಲಿಯ ಬೆಂಚಿನ ಮೇಲೆ ರಿಪೇರಿ ಗಂಟು ಬಿಚ್ಚಿಕೊಂಡು, ಒಂದು ಕಣ್ಣು ಸೂಜಿಯ ಮೇಲೆ, ಒಂದು ಕಣ್ಣು ಗೇಟಿನ ಮೇಲೆ ಇಟ್ಟು ಕೂತಳು. ಗೇಟಿಗೆ ಚಿಲಕವೇ ಇರಲಿಲ್ಲ. ಅದನ್ನು ಕಂಡಾಗಿನಿಂದ ಅವಳು ಹಾಕಿದ ಹೊಲಿಗೆಗಿಂತ ಬಿಚ್ಚಿದ ಹೊಲಿಗೆಯೇ ಹೆಚ್ಚು.

ಆಮೇಲೆ ಹುಡುಗಿ ಬಾಗಿಲು ಬಿಟ್ಟಳು. ಗೋಡೆಗುಂಟ ನಡೆದಳು, ತಲೆಯೆತ್ತಿ, ತಗ್ಗಿಸಿ, ಕಟ್ಟಡದ ಹಿಂದೆ ಹೋದಳು. ಕಾಲರಕ್ಕ ಎದ್ದು ನಿಂತಳು. ದೊಡ್ಡಮೇಡಂ ಕಿಟಕಿಯಿಂದಲೇ ಕೈಸನ್ನೆ ಮಾಡಿದರು: ಕೂರಿ. ಕೂತಳು. ಕಾಲು ಗಂಟೆಯ ಮೇಲೆ ಹುಡುಗಿ ಇನ್ನೊಂದು ಕಡೆಯಿಂದ ಬಂದು ಅಂಗಳದ ನಲ್ಲಿಯ ಮುಂದೆ ಕುಕ್ಕರಿಸಿದಳು.

"ಸೋರ್ತಿದೆ," ಎಂದಳು, ಯಾರಿಗೂ ಅಲ್ಲ.

"ಗೊತ್ತು, ಮೂರು ವರ್ಷ ಆಯ್ತು," ಎಂದರು ಒಳಗಿನಿಂದ ದೊಡ್ಡಮೇಡಂ.

"ವಾಷರ್ ಹೋಗಿದೆ."

"ಹಾಗಾದ್ರೆ ಬರೆದಿಡು. ಕಾಗದ ಮೇಜಿನ ಮೇಲಿದೆ."

ಕಾಗದಕ್ಕಾಗಿ ಹುಡುಗಿ ಒಳಗೆ ಹೋದಳು. ಹೋದವಳು ಮೂರು ನಿಮಿಷಕ್ಕೆ ಕಿವಿ ಮುಚ್ಚಿಕೊಂಡು ಹೊರಗೋಡಿ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಮಧ್ಯಾಹ್ನದ ಹೊತ್ತಿಗೆ ಅಮ್ಮನ ಪಕ್ಕ ಬೆಂಚಿನ ತುದಿಯಲ್ಲಿ ಕೂತು, ಹೊಸ ಅಂಗಿಯ ತೋಳು ಬಾಯಿಗಿಟ್ಟುಕೊಂಡಳು. ಕೂತಾಗಲೂ ಕೈ ತೊಡೆಯ ಕೆಳಗೆ ಹೋಗದ್ದನ್ನು ಕಾಲರಕ್ಕ ನೋಡಿದಳು. ನೋಡದವಳಂತೆ ಹೊಲಿದಳು.

"ನಾಳೆನೂ ಇಲ್ಲೇನಾ?"

"ನಾಳೆನೂ ಇಲ್ಲೇ."

"ಏಳನೇ ಕ್ಲಾಸ್ ಆದ್ಮೇಲೆ?"

"ಗೊತ್ತಿಲ್ಲ ಕಣೇ."

ಹುಡುಗಿ ಮತ್ತೆ ಕೇಳಲಿಲ್ಲ. ಅವಳಿಗೆ ಸುಳ್ಳು ಸಮಾಧಾನ ಹೇಳಿದರೆ ಇಡೀ ದಿನ ಕೇಳುತ್ತಾಳೆ. ಗೊತ್ತಿಲ್ಲ ಅಂದರೆ ಬಿಡುತ್ತಾಳೆ. ಕಾಲರಕ್ಕ ಮಾತ್ರ ಬಿಡಲಾರಳು. ಒಂದೂಮುಕ್ಕಾಲು ವರ್ಷ. ಆಮೇಲೆ ಮತ್ತೆ ಗಂಟು ಬಿಚ್ಚಿ ಹುಡುಕಬೇಕು, ಆ ಹೊತ್ತಿಗೆ ಗಂಟು ಕೊಡುವ ಅಂಗಡಿಯಾದರೂ ಇದ್ದರೆ.

ಬೆಂಚಿನ ಮುಂದೆ ನೆರಳು ಬಿತ್ತು. ಕೂದಲು ಕೆದರಿದ ತೆಳ್ಳಗಿನ ಹುಡುಗಿಯೊಬ್ಬಳು, ಎರಡೂ ತೋಳಿನ ತುದಿ ಒದ್ದೆ, ಗಂಟಿನ ಮೇಲಿದ್ದ ಅಂಗಿಯನ್ನೇ ನೋಡುತ್ತ ನಿಂತಿದ್ದಳು. ಒಳಗಿನ ನಂಬರು ನಲವತ್ತೆರಡು.

"ಅದು ನಂದು," ಎಂದಳು. "ನೀವಾ ಹೊಲಿಯೋದು?"

"ಹೌದಮ್ಮ, ನಾನೇ."

"ನೀಲಿ ದಾರ ಕಹಿ. ಹಳದಿ ಪರವಾಗಿಲ್ಲ."

ಮೇಸ್ತ್ರಿ ತೋಳನ್ನು ಬಾಯಿಂದ ತೆಗೆದು, ಮೊದಲ ಸಲ ಆ ಕಡೆ ತಿರುಗಿದಳು. ಮುಖದ ಕಡೆಗಲ್ಲ, ತೋಳಿನ ಕಡೆಗೆ. ಕಾಲರಕ್ಕ ಸೂಜಿಯಲ್ಲಿದ್ದ ನೀಲಿ ದಾರವನ್ನು ಎಳೆದು ಹಾಕಿ, ಡಬ್ಬಿಯೊಳಗೆ ಹಳದಿ ಹುಡುಕತೊಡಗಿದಳು.